ತೂತು ಮುಚ್ಚಿದ ದಿನ

ಎಲ್ಲ ರಾದ್ಧಾಂತಕ್ಕೂ ಕಾರಣ ಒಂದು ತೂತು. ಭಾಗ್ಯನಗರದ ಕರಿಬಸಪ್ಪನ ಹಳೆಯ ಫಿಯಟ್ ಕಾರಿನಲ್ಲಿ, ಮುಂದಿನ ಎಡಸೀಟಿನವರು ಕಾಲಿಡುವ ಜಾಗದಲ್ಲಿ, ತುಕ್ಕು ತಿಂದು ತಿಂದು ರೊಟ್ಟಿಯಗಲ ಮಾಡಿಟ್ಟಿದ್ದ ತೂತು.

ಆ ಸೀಟು ಅವನ ಹೆಂಡತಿ ಅನ್ನಮ್ಮನದು. ಒಮ್ಮೆ ಗಂಗಾವತಿಯಿಂದ ಬರುವಾಗ ಅವಳ ಒಂದು ಚಪ್ಪಲಿ ಆ ತೂತಿನಿಂದ ಜಾರಿ ರಸ್ತೆಯ ಪಾಲಾಗಿತ್ತು. "ಈ ಕಾರು ನನ್ನ ನುಂಗೂದರೊಳಗ ಇದಕ್ಕೊಂದು ತ್ಯಾಪಿ ಹಾಕಸ್ರಿ" ಎಂದು ಅವಳು ಮುನಿರಾಬಾದಿನ ತನಕ ನಗುತ್ತಲೇ ಬಂದಿದ್ದಳು. "ಹಾಕಸೂನ ತಗೋ" ಎಂದಿದ್ದ ಕರಿಬಸಪ್ಪ. ಹಾಕಿಸುವುದರೊಳಗೆ ಅವಳೇ ಹೋಗಿಬಿಟ್ಟಳು. ಕಾರು ನುಂಗಲಿಲ್ಲ, ಒಂದು ಜ್ವರ ನುಂಗಿತು.

ನಾಳೆ ಅವಳ ವರ್ಷದ ಕಾರ್ಯ. ಇವತ್ತು ಸಂಜೆ ಮಗಳು ಸುರೇಖಾ ಕುಷ್ಟಗಿಯಿಂದ ಬರುವವಳಿದ್ದಳು. ತಾಯಿಯನ್ನು ಮಣ್ಣು ಮಾಡಿ ಹೋದವಳು ಮತ್ತೆ ತವರಿನ ಹೊಸ್ತಿಲು ತುಳಿದಿರಲಿಲ್ಲ. ಎಸ್‌ಟಿಡಿ ಬೂತಿನಿಂದ ಅಪ್ಪ ಫೋನು ಮಾಡಿದರೆ "ಹೂಂ", "ಊಹೂಂ" ಬಿಟ್ಟು ಮೂರನೆಯ ಮಾತಿಲ್ಲ.

ಅದಕ್ಕೂ ಕಾರಣವಿತ್ತು. ಕರಿಬಸಪ್ಪ ಆಯುಷ್ಯವೆಲ್ಲ ಕಾರಟಗಿಯ ಅಕ್ಕಿ ಗಿರಣಿಯೊಂದರಲ್ಲಿ ಸೂಪರ್‌ವೈಸರ್ ಆಗಿದ್ದವನು. ಹೊಟ್ಟಿನ ರಾಶಿಗೆ ಒಂದು ಕಿಡಿ ಬಿದ್ದರೆ ಏನಾಗುತ್ತದೆಂದು ಕಣ್ಣಾರೆ ಕಂಡವನು. ನಿದ್ದೆಯಲ್ಲೂ "ಹುಷಾರಲೇ!" ಎಂದು ಒದರುವಷ್ಟು ಜೋಪಾನದ ಮನುಷ್ಯ. ಅನ್ನಮ್ಮನನ್ನು ಕುಣಿಗೆ ಇಳಿಸುವಾಗ ಊರೆಲ್ಲ ಗೋಳಿಡುತ್ತಿದ್ದರೆ ಇವನೊಬ್ಬ, "ದಂಡಿಗೆ ನಿಲ್ಲಬ್ಯಾಡ್ರಿ, ಮಣ್ಣು ಕುಸೀತೈತಿ" ಎಂದು ಜನರನ್ನು ಹಿಂದೆ ಸರಿಸುತ್ತ ಓಡಾಡಿದ್ದ. ಕಣ್ಣಿನಿಂದ ಒಂದು ಹನಿ ಬರಲಿಲ್ಲ. ಅವತ್ತೂ ಬರಲಿಲ್ಲ, ಆಮೇಲೂ ಬರಲಿಲ್ಲ. "ನಿಮ್ಮಪ್ಪಂದು ಕಲ್ಲಿನ ಎದಿ ಐತವ್ವಾ" ಎಂದು ಪಕ್ಕದ ಮನೆಯ ಹೊಳಿಯಮ್ಮ ಸುರೇಖಾಳ ಕಿವಿಯಲ್ಲಿ ಊದಿದ್ದಳು. ಸುರೇಖಾ ನಂಬಿದ್ದಳು.

ಮಗಳನ್ನು ಅನ್ನಮ್ಮನ ಸೀಟಿನಲ್ಲಿಯೇ ಕೂರಿಸಿಕೊಂಡು ನಾಳೆ ಅಳವಂಡಿಯಲ್ಲಿರುವ ಅವಳ ಸಮಾಧಿಗೆ ಕರೆದೊಯ್ಯಬೇಕು. ಬಾಯಿಗೆ ಬಾರದ ಮಾತನ್ನು ಕಾರಾದರೂ ಆಡೀತು ಎಂಬುದು ಕರಿಬಸಪ್ಪನ ಆಸೆ. ಅದಕ್ಕೇ ಬೆಳಿಗ್ಗೆಯೇ ಮಕ್ಬುಲಸಾಬ ತನ್ನ ವೆಲ್ಡಿಂಗ್ ಯಂತ್ರವನ್ನು ತಳ್ಳುಗಾಡಿಯ ಮೇಲೆ ಮದುಮಗನಂತೆ ಕೂರಿಸಿಕೊಂಡು ಬಂದಿದ್ದ.

"ಬ್ಯಾಟರಿ ವಾಯರ್ ಬಿಚ್ಚಿಯೇನು?" ಎಂದ ಕರಿಬಸಪ್ಪ.

"ಬಿಚ್ಚೇನ್ರಿ."

"ಪೆಟ್ರೋಲ್ ಟಾಕಿ?"

"ಸಾಹೇಬ್ರ, ಟಾಕಿ ಹಿಂದ ಡಿಕ್ಕಿಯೊಳಗ ಐತಿ, ನಾ ಬೆಸಿಯೂದು ಮುಂದ. ನಡುವ ಒಂದು ಸಂಸಾರ ಹೂಡುವಷ್ಟು ಜಾಗ ಐತಲ್ರಿ!"

"ಪೆಟ್ರೋಲಿನ ಹವಾ ಮುಂದ ಬರಾಕ ನಿನ್ನ ಪರವಾನಗಿ ಕೇಳ್ತೈತೇನು? ಬಿಚ್ಚಲೇ."

ಟಾಕಿ ಬಿಚ್ಚಿತು, ಸೀಟು ಬಿಚ್ಚಿತು, ಚಾಪೆ ಹೊರಬಿತ್ತು. ಒಂದು ಕಡೆ ಮರಳಿನ ಬಕೀಟು, ಇನ್ನೊಂದು ಕಡೆ ನೀರಿನ ಬಕೀಟು, ಸುತ್ತ ಹಸಿ ಗೋಣಿಚೀಲ. ಕಾರು ಆಪರೇಶನ್ನಿಗೆ ಮಲಗಿಸಿದ ರೋಗಿಯಂತೆ ಬಾಯಿ ತೆರೆದುಕೊಂಡು ನಿಂತಿತು. ರೋಗಿ ಎಂದಮೇಲೆ ನೋಡಲು ಬರುವವರು ಇರಬೇಕಲ್ಲ, ಓಣಿಗೆ ಓಣಿಯೇ ಬಂತು.

"ಸತ್ತಾಕಿ ಸೀಟಿಗೆ ಈಗ ಸಿಂಗಾರ ನಡದೈತಿ" ಎಂದಳು ಹೊಳಿಯಮ್ಮ, ಎಲೆ ಮಡಿಸುತ್ತ.

"ಇಷ್ಟೆಲ್ಲಾ ಯಾಕ ಬೇಕ್ರಿ? ಡಾಂಬರ್ ಬಳದು ಮ್ಯಾಲೊಂದು ತಗಡು ಒತ್ತಿದ್ರ ಮುಗೀತಿತ್ತು" ಎಂದ ಎದುರು ಮನೆಯ ವೆಂಕೋಬ. ಕಾರಿನ ಬಗ್ಗೆ ಅವನಿಗೆ ತಿಳಿದಿದ್ದು ಅದರ ಹಾರ್ನ್ ಒಂದೇ.

ಮಕ್ಬುಲಸಾಬ ಉಳಿ ಹಿಡಿದು ತುಕ್ಕು ಹೆರೆಯತೊಡಗಿದ. ಗಟ್ಟಿ ತಗಡು ಸಿಗುವವರೆಗೂ ಕತ್ತರಿಸಲೇಬೇಕು, ಇಲ್ಲದಿದ್ದರೆ ಬೆಸುಗೆ ಹಿಡಿಯುವುದಿಲ್ಲ. ಹಪ್ಪಳದಂತೆ ತುಕ್ಕು ಉದುರಿ, ರೊಟ್ಟಿಯಗಲದ ತೂತು ಮೊರದಗಲವಾಯಿತು.

"ಹಿಂಗ ಹೆರಕೋತ ಹೋದ್ರ ಕಾರು ಉಳಿಯಂಗಿಲ್ಲೋ ಮಾರಾಯ, ತೂತಷ್ಟ ಉಳೀತೈತಿ" ಎಂದ ವೆಂಕೋಬ. ಓಣಿ ಗೊಳ್ಳೆಂದಿತು.

ಕೊನೆಗೊಮ್ಮೆ ಹೊಸ ತಗಡಿಟ್ಟು ಮಕ್ಬುಲಸಾಬ ಯಂತ್ರಕ್ಕೆ ಜೀವ ಕೊಟ್ಟ. ಚರ್ರೆಂದು ನೀಲಿ ಬೆಳಕು ಚಿಮ್ಮಿತು.

"ಬೆಳಕ ನೋಡಬ್ಯಾಡ್ರಿ! ಕಣ್ಣು ಹೋಗ್ತಾವು!" ಎಂದು ಕರಿಬಸಪ್ಪ ಕಾರಿಗೆ ಅಡ್ಡವಾಗಿ ಕಂಬಳಿ ಕಟ್ಟಿದ. ಹೊಳಿಯಮ್ಮ ಕಂಬಳಿಯ ಅಂಚನ್ನು ಎತ್ತಿ ಹಿಡಿದಳು. "ದೀಪಾವಳಿಯಾಗ ನೋಡಂಗಿಲ್ಲೇನು? ಈ ಮನಶ್ಯಾಗ ಬೆಳಕು ಕಂಡ್ರೂ ಅಂಜಿಕಿ!" ಅವಳ ಹಿಂದೆ ಹತ್ತಾರು ತಲೆ ಇಣುಕಿದವು. ಅಷ್ಟರಲ್ಲಿ ಹಾರಿದ ಒಂದು ಕಿಡಿ ವೆಂಕೋಬನ ಧೋತರದ ಚುಂಗಿಗೆ ಕೂತಿತು. ಕರಿಬಸಪ್ಪ ಒಂದು ಬಕೀಟು ನೀರನ್ನು ಹಾಗೆಯೇ ಅವನ ಮೇಲೆ ಸುರಿದ. ವೆಂಕೋಬ ತೊಯ್ದ ಕೋಳಿಯಂತೆ ನಿಂತುಕೊಂಡೇ ಬೆಳಕು ನೋಡುವುದನ್ನು ಮುಂದುವರಿಸಿದ.

ಕರಿಬಸಪ್ಪ ಮಾತ್ರ ಅದಾದಮೇಲೆ ಬೆಸುಗೆ ಮುಗಿಯುವ ತನಕ ಗೋಡೆಗೆ ಮುಖ ಮಾಡಿ, ಮಾಸ್ತರರ ಶಿಕ್ಷೆಗೆ ಒಳಗಾದ ಹುಡುಗನಂತೆ ನಿಂತಿದ್ದ. ಮಧ್ಯಾಹ್ನದ ಹೊತ್ತಿಗೆ ತೂತು ಮುಚ್ಚಿ, ಕೆಂಪು ಬಣ್ಣ ಬಳಿದು, ಸೀಟು ಮತ್ತೆ ಕೂತಿತು.

ಹೊತ್ತು ಇಳಿಯುವಾಗ ಓಣಿಯ ಕಣ್ಣು ಉರಿಯತೊಡಗಿತು. ಮೊದಲು ಹೊಳಿಯಮ್ಮ, ರೆಪ್ಪೆಯೊಳಗೆ ಯಾರೋ ಮರಳು ತೂರಿದ್ದಾರೆಂದು ಕಟ್ಟೆಗೆ ಬಂದು ಕೂತಳು. ಆಮೇಲೆ ವೆಂಕೋಬ, ಆಮೇಲೆ ಅವನ ಹೆಂಡತಿ, ಆಮೇಲೆ ಉಳಿದವರೆಲ್ಲ. ಕೆಂಪಾದ ಕಣ್ಣುಗಳಿಂದ ತುಂಗಭದ್ರೆಯ ಕಾಲುವೆ ಬಿಟ್ಟಂತೆ ನೀರು. ಸೆರಗು, ಟವೆಲು, ಧೋತರ ಯಾವುದೂ ಸಾಲದು.

ಸುರೇಖಾ ಓಣಿಗೆ ಕಾಲಿಟ್ಟದ್ದು ಆಗಲೇ.

ಅವಳು ನಿಂತೇಬಿಟ್ಟಳು. ಎಲ್ಲಿ ನೋಡಿದರೂ ಸೆರಗು ಕಣ್ಣಿಗೊತ್ತಿಕೊಂಡ ಹೆಂಗಸರು, ಮುಖ ಮುಚ್ಚಿಕೊಂಡ ಗಂಡಸರು. ಚೀಲ ನೆಲಕ್ಕೆ ಹಾಕಿ ಹೊಳಿಯಮ್ಮನ ಕೈ ಹಿಡಿದಳು. "ಅತ್ತಿ, ವರ್ಷಾದ್ರೂ ನಮ್ಮವ್ವನ್ನ ಇಷ್ಟು ನೆನಸ್ತೀರೇನು?"

ಹೊಳಿಯಮ್ಮ ಅರ್ಧ ಕಣ್ಣು ತೆರೆದು ನೋಡಿದಳು. ನಿಜ ಹೇಳಿದರೆ, ಬೇಡವೆಂದರೂ ಕಂಬಳಿ ಎತ್ತಿದ್ದನ್ನು ಹೇಳಬೇಕು. "ಹೆಂಗ ಮರೀಲೇ ನನ್ನ ತಾಯಿ!" ಎಂದು ದನಿಯನ್ನೂ ಕಣ್ಣೀರಿಗೆ ಜೋಡಿಸಿದಳು. ವೆಂಕೋಬ, "ದೇವರಂಥಾಕಿ ಆಕಿ" ಎಂದು ಧೋತರದಲ್ಲಿ ಮೂಗು ಒರೆಸಿಕೊಂಡ.

ಆಗ ಬಕೀಟು ಹಿಡಿದು ಬಂದ ಕರಿಬಸಪ್ಪ. "ಕಣ್ಣು ತಿಕ್ಕಬ್ಯಾಡ್ರಿ, ತಣ್ಣೀರ ಅರಿವಿ ಇಟ್ಟುಕೋರ್ರಿ." ಅವನ ಕಣ್ಣುಗಳು ಬೇಸಿಗೆಯ ಹಳ್ಳದಂತೆ ಒಣಗಿದ್ದವು.

ಸುರೇಖಾ ತಂದೆಯನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. "ಓಣಿಗೋಣಿ ನಮ್ಮವ್ವಗ ಅಳಾಕತ್ತೈತಿ. ನೀ ಬಕೀಟ ಹಿಡಕೊಂಡು ನಿಂತೀಯಲ್ಲಪ್ಪಾ."

ಕರಿಬಸಪ್ಪ ಬಾಯಿ ತೆರೆದ. ನಾಲಿಗೆಯ ತುದಿಯಲ್ಲಿ ವೆಲ್ಡಿಂಗು ಇತ್ತು. ಆದರೆ ಮಗಳ ಮುಖದಲ್ಲಿ ಒಂದು ವರ್ಷದ ಮೇಲೆ ಏನೋ ಒಂದು ತಂಪು ಇಳಿದಿತ್ತು. ನನ್ನವ್ವನಿಗೆ ಅಳುವವರು ಇಷ್ಟು ಜನ ಇದ್ದಾರೆ ಎಂಬ ತಂಪು. ಅದನ್ನು ಕಿತ್ತುಕೊಳ್ಳಲು ಅವನಿಗೆ ಮನಸ್ಸು ಬರಲಿಲ್ಲ.

"ಅಳವಂಡಿಗೆ ಕಾರಿನ್ಯಾಗ..." ಎಂದ.

"ನಾ ಬಸ್ಸಿಗೆ ಹೋಗ್ತೀನಿ" ಎಂದು ಅವಳು ಹೊಳಿಯಮ್ಮನ ಮನೆಯೊಳಗೆ ನಡೆದಳು.

ಕರಿಬಸಪ್ಪ ಬಕೀಟು ಇಳಿಸಿ ಕಾರಿನಲ್ಲಿ ಹೋಗಿ ಕೂತ. ಎಡಗಡೆಯ ಬಾಗಿಲು ತೆರೆದೇ ಇತ್ತು. ಕೀಲಿಯ ಮೇಲೆ ಕೈಯಿಟ್ಟು, ಸಂಸಾರ ಮಾಡಿದಷ್ಟು ವರ್ಷವೂ ಅಂದ ಮಾತನ್ನೇ ರೂಢಿಯ ಮೇಲೆ ಅಂದ: "ಬಾಗಿಲಾ ಛಲೋತ್ನಾಗಿ ಎಳಕೋ, ಅನ್ನೀ."

ಅಂದು, ಧಡ್ ಎಂಬ ಸದ್ದಿಗೆ ಕಾದ. ಆ ಸದ್ದು ಕೇಳದೆ ಅವನು ಎಂದೂ ಕಾರು ಚಾಲೂ ಮಾಡಿದವನಲ್ಲ. ಕಾದ. ಇನ್ನೂ ಸ್ವಲ್ಪ ಕಾದ. ಆಮೇಲೆ ಎಲ್ಲಿತ್ತೋ ಏನೋ, ಒಂದು ವರ್ಷದ ನೀರು ಒಮ್ಮೆಲೇ ನುಗ್ಗಿ ಬಂತು. ಸ್ಟೇರಿಂಗಿಗೆ ತಲೆ ಹಚ್ಚಿ ಬಿಕ್ಕಿ ಬಿಕ್ಕಿ ಅತ್ತ.

ಓಣಿಯ ಆ ತುದಿಯಿಂದ ಆಗ ಮಕ್ಬುಲಸಾಬ ಒದರುತ್ತ ಬಂದ. "ಮುಂಜಾನಿ ವೆಲ್ಡಿಂಗ್ ನೋಡಿದವರೆಲ್ಲಾ ಹೊರಗ ಬರ್ರಿ! ಗುಲಾಬ್ ನೀರು ತಂದೀನಿ! ಅಂಜಬ್ಯಾಡ್ರಿ, ಅಳು ನಾಳಿಗೆ ನಿಂದರತೈತಿ!"

ಹೊಳಿಯಮ್ಮನೇ ಎಲ್ಲರಿಗಿಂತ ಮೊದಲು ಎದ್ದು ಓಡಿದಳು.

ಸುರೇಖಾಳಿಗೆ ಅರ್ಥವಾಗಲು ಹೊತ್ತು ಹಿಡಿಯಲಿಲ್ಲ. ಮಕ್ಬುಲಸಾಬನ ಕೈಯಿಂದ ಒಂದು ಸೀಸೆ ತೆಗೆದುಕೊಂಡು ತವರಿನ ಅಂಗಳಕ್ಕೆ ಬಂದಳು. ಕಾರಿನಲ್ಲಿ ಅಪ್ಪ, ಮುಖವೆಲ್ಲ ತೊಯ್ದು, ಕಣ್ಣು ಕೆಂಡವಾಗಿ ಕೂತಿದ್ದ.

"ನೀನೂ ನೋಡಿಯೇನು?" ಎಂದಳು. "ಎಲ್ಲಾರಿಗೂ ಹುಷಾರ್ ಅಂತ ಹೇಳಾವ ನೀನೂ ನೋಡಿಬಿಟ್ಟಿಯೇನು?"

"ಇಲ್ಲವ್ವಾ, ಇದು..."

"ಕಣ್ಣು ಮಿಟುಕಸಬ್ಯಾಡ." ಅವನ ಗದ್ದ ಹಿಡಿದು ತಲೆ ಹಿಂದಕ್ಕೆ ಬಾಗಿಸಿ ಹನಿ ಬಿಟ್ಟಳು. "ಒಟ್ಟಿನ್ಯಾಗ ನಮ್ಮವ್ವಗಂತ ಅತ್ತವರು ಯಾರೂ ಇಲ್ಲ ಅಂದಂಗಾತು."

ಕರಿಬಸಪ್ಪ ಏನೋ ಹೇಳಹೋದ. ಗುಲಾಬ್ ನೀರು ಹರಿದು ಬಾಯಿಗೆ ಬಂತು.

"ಸುಮ್ಮನ ಕೂಡು. ನಾಳಿಗೆ ನಿಂದರತೈತಂತ" ಎಂದು ಅವಳು ಸೀಸೆಯ ಮುಚ್ಚಳ ಬಿಗಿ ಮಾಡಿದಳು.