ಅವ್ವನ ಎದುರಿಗೆ ನಿಂತ ಗ್ರೀಕ್ ಕುದುರೆಗಳು

ಕಲ್ಯಾಣದ ಅರಸರು ಕೋಟೆ ಕಟ್ಟಿಸಿ ಹೆಸರು ಮಾಡಿದರು. ನಾನು ಮೊಳೆ ಹೊಡೆದು ಮಾಡಿದೆ! ಬೋಳು ಗೋಡೆ ಕಂಡರೆ ನನ್ನ ಕೈ ಸುಮ್ಮನಿರುವುದಿಲ್ಲ. ಹುಮನಾಬಾದಿನಿಂದ ಬಸವಕಲ್ಯಾಣದವರೆಗೆ ನಮ್ಮ ಬಳಗದ ಯಾವ ಮನೆಗೆ ಹೋದರೂ ನನ್ನ ಸುತ್ತಿಗೆಯ ಶಾಸನಗಳು ಕಾಣಸಿಗುತ್ತವೆ. ಆ ಮೊಳೆಗಳಿಗೆ ತೂಗುಹಾಕಿದ ಗಡಿಯಾರ, ಕನ್ನಡಿಗಳು ಆಮೇಲೆ ಏನಾದವು ಎಂಬುದು ಬೇರೆ ವಿಷಯ. ಅದು ಭೂಮಿಯ ಆಕರ್ಷಣೆಯ ತಪ್ಪು, ನನ್ನದಲ್ಲ!

ಈ ಸಲದ ಗೋಡೆ ಮಾತ್ರ ಸಾಮಾನ್ಯದ್ದಾಗಿರಲಿಲ್ಲ. "ಮನಿಗಿ ಕರಕೊಂಡು ಹೋಗ್ರಿ, ಸೇವಾ ಮಾಡ್ರಿ" ಎಂದು ಕಲಬುರಗಿಯ ಡಾಕ್ಟರು ಅವ್ವನನ್ನು ವಾಪಸು ಕಳಿಸಿದ್ದರು. ಪಡಸಾಲೆಯಲ್ಲಿ ಮಂಚ ಹಾಕಿದೆವು. ಅವ್ವ ಇಡೀ ದಿನ ಎದುರಿನ ಬೋಳು ಗೋಡೆಯನ್ನೇ ನೋಡುತ್ತ ಮಲಗಿರುತ್ತಿದ್ದಳು. ನನಗೆ ತಡೆಯಲಾಗಲಿಲ್ಲ. ಹೆತ್ತವಳ ಕಣ್ಣಿಗೆ ಜಗತ್ತಿನ ಅತಿ ಶ್ರೇಷ್ಠ ಶಿಲ್ಪವನ್ನೇ ಕಾಣಿಸುವೆನೆಂದು ಪಣ ತೊಟ್ಟೆ! ಹೈದರಾಬಾದಿನಿಂದ ತರಿಸಿಯೂ ಬಿಟ್ಟೆ: ಎರಡೂವರೆ ಸಾವಿರ ವರ್ಷ ಹಿಂದಿನ ಗ್ರೀಕ್ ಗುಡಿಯ ಮೇಲಿದ್ದ ಕುದುರೆ ಸವಾರರ ಸಾಲು, ಪ್ಲಾಸ್ಟರ್ ಆಫ್ ಪ್ಯಾರಿಸ್‌ನಲ್ಲಿ ಎರಕ ಹೊಯ್ದ ನಕಲು. ಬಾಗಿಲಿನಷ್ಟು ಅಗಲ, ಬೀಸುವ ಕಲ್ಲಿನಷ್ಟು ತೂಕ.

ಹೆಂಡತಿ ಭುವನೇಶ್ವರಿ ಸುತ್ತಿದ್ದ ರಟ್ಟು ಬಿಚ್ಚಿ ನೋಡಿದಳು.

"ಏನ್ರೀ ಇದು? ಇವಗ ರುಂಡಿಲ್ಲ, ಅವಗ ಕೈಯಿಲ್ಲ. ದಾರ್ಯಾಗ ಒಡದದೇನು?"

"ಅಸಲಿ ಶಿಲ್ಪಾನೇ ಹಂಗ ಅದ. ಒಡದಿದ್ದನ್ನೂ ಬಿಡದ ನಕಲ್ ಮಾಡ್ಯಾರ. ಅದೇ ಕಲಾ!"

"ನಾ ಹಿಡಿಕಿ ಮುರದ ಕಪ್ಪಿನ್ಯಾಗ ಚಾ ಕೊಟ್ರ ಮನಿ ಎತ್ತಿ ಕುಣೀತೀರಿ. ಅತ್ತಿ ಎದುರಿಗಿ ಹಚ್ಚಬ್ಯಾಡ್ರಿ, ನೋಡ್ರಿ ಮತ್ತ."

ಹಚ್ಚಿದೆ. ಒಂದೇ ಮೊಳೆ!

ಬೆಳಿಗ್ಗೆ ಅವ್ವ ಕಣ್ಣು ಬಿಟ್ಟಳು. ಪೊರೆ ಬಂದ ಆ ಕಣ್ಣು ಗೋಡೆಯ ಮೇಲೆ ನೆಟ್ಟು ನಿಂತಿತು.

"ವೈಜ್ಯಾ, ಕುದುರಿ ಮ್ಯಾಲ ಯಾರೋ ಬಂದಾರಲ್ಲೋ."

ಎಷ್ಟೋ ದಿನಗಳ ಮೇಲೆ ಅವಳ ಬಾಯಿಂದ ಬಂದ ಪೂರಾ ಮಾತು! ಕಲೆ ಗೆದ್ದಿತು! ಹಿಗ್ಗಿನಲ್ಲಿ ಬಸವಕಲ್ಯಾಣದ ತಂಗಿ ಜಗದೇವಿಗೆ ಫೋನ್ ಹಚ್ಚಿ, "ಅವ್ವ ಕುದುರಿ ಬಂದಾವ ಅಂದ್ಲವಾ!" ಎಂದೆ. ಗ್ರೀಸ್ ದೇಶದ ಹೆಸರು ಎತ್ತುವ ಮೊದಲೇ ಆ ಕಡೆ ಕಿಟಾರನೆ ಕಿರುಚಿದ ಸದ್ದು, ಫೋನ್ ಕಟ್ಟಾಯಿತು. ಹಾಸಿಗೆ ಹಿಡಿದವರಿಗೆ ಯಾರಾದರೂ ಬಂದಂತೆ ಕಂಡರೆ, ನಮ್ಮ ಬಳಗದಲ್ಲಿ ಅವರನ್ನು ಜೀವ ಒಯ್ಯಲು ಬಂದವರೆಂದೇ ತಿಳಿಯುತ್ತಾರೆ ಎಂಬುದು ನನಗೆ ಆಗ ನೆನಪಾಯಿತು. ಮತ್ತೆ ಮತ್ತೆ ಹಚ್ಚಿದರೂ ಅವಳು ಎತ್ತಲಿಲ್ಲ.

ಇತ್ತ ಭುವನೇಶ್ವರಿ ಅಂಬಲಿಯ ಬಟ್ಟಲು ಹಿಡಿದು ನಿಂತಿದ್ದಳು. ಅವ್ವ ಬಾಯಿ ತೆರೆಯಲೊಲ್ಲಳು.

"ಮಂದಿ ಬಂದು ನಿಂತಾರ. ನಾ ಉಣಕೋತ ಕುಂದ್ರಲೇನು?"

"ಅವರು ಮಂದಿ ಅಲ್ಲವ್ವ, ಬರೇ ಗೊಂಬಿ. ಗ್ರೀಸ್‌ನವು!"

"ಯಾವೂರವರೇ ಇರ್ಲಿ. ಕಾಯಿಸಬಾರ್ದು."

ಮಧ್ಯಾಹ್ನದ ಹೊತ್ತಿಗೆ ನೀರನ್ನೂ ಒಲ್ಲೆ ಎಂದಳು. ಭುವನೇಶ್ವರಿಯ ಕಣ್ಣಲ್ಲಿ ನೀರು ಬಂತು. "ನಿಮ್ಮ ಕಾಲ್ ಬೀಳ್ತೀನಿ, ಇಳಸ್ರಿ ಅದನ್ನ." ನನ್ನ ಜಂಬ ಅಲ್ಲಿಗೇ ಸತ್ತಿತು. ಸ್ಟೂಲ್ ಹತ್ತಿದೆ.

ಅಷ್ಟರಲ್ಲಿ ಬಾಗಿಲಿಗೆ ಟೆಂಪೋ ಬಂತು. ಜಗದೇವಿ, ಅವಳ ಗಂಡ ಸೂರ್ಯಕಾಂತ, ಇಡೀ ಭಜನಾ ಮಂಡಳಿ, ವಿಭೂತಿ, ಹೂವಿನ ಹಾರ, ಹೊಸ ಸೀರೆ, ಎಲ್ಲ ಇಳಿಯಿತು. ಹೆಣವೊಂದು ಬಿಟ್ಟು ಎಲ್ಲವೂ ತಯಾರು!

"ಧೈರ್ಯ ತಗೋರಿ ಅಣ್ಣಾರ. ಹೊಲದಾಗ ಕುಣಿ ಅಗ್ಯಾಕ ಹೇಳೀನಿ," ಎಂದ ಸೂರ್ಯಕಾಂತ.

"ಅವ್ವ ಇನ್ನಾ ಜೀವಂತ ಇದ್ದಾಳಪಾ!"

"ಗೊತ್ತದರಿ. ಆದ್ರ ಮೋಡ ಆಗ್ಯಾದ. ಮಳಿ ಬಿದ್ರ ಆಮ್ಯಾಲ ಅಗ್ಯಾಕ ಬರೂದಿಲ್ಲ."

ಜಗದೇವಿ ಗೋಡೆ ನೋಡಿದಳು. ರುಂಡವಿಲ್ಲದ ಸವಾರರು! "ಯವ್ವಾ, ಖರೇನ ಬಂದಾರ!" ಎಂದು ನೆಲಕ್ಕೆ ಬಿದ್ದಳು. ಎದ್ದವಳೇ ನನ್ನನ್ನು ಸ್ಟೂಲಿನಿಂದ ಎಳೆದು ಇಳಿಸಿದಳು. "ಆ ದಂಡಿಗಿ ಕೈ ಹಚ್ಚಬ್ಯಾಡಣ್ಣಾ! ಸಿಟ್ಟಿಗೆದ್ದು ನಿನ್ನೂ ಒಯ್ದಾರು!"

ಅವ್ವನ ಹಾದಿ ಸುಗಮವಾಗಲೆಂದು ಭಜನೆ ಶುರುವಾಯಿತು. ತಾಳ, ಡೋಲಕಿ, ಜೊತೆಗೆ ಟೆಂಪೋ ತುಂಬ ಬಂದವರ ಗಂಟಲು! ಗೋಡೆ ಅದುರಿತು. ಗೋಡೆ ಅದುರಿದ ಮೇಲೆ ನನ್ನ ಮೊಳೆಯದೇನು ಮಾತು?

ಧಡಾರ್!

ರುಂಡ ಉಳಿಸಿಕೊಂಡಿದ್ದ ಸವಾರರೂ ರುಂಡ ಕಳೆದುಕೊಂಡರು. ಎಲ್ಲರ ತಲೆಯ ಮೇಲೂ ಬಿಳಿ ಧೂಳು ವಿಭೂತಿಯಂತೆ ಕೂತಿತು. ಭಜನೆ ಅರ್ಧಕ್ಕೇ ನಿಂತಿತು. ಮಂಚದಿಂದ ಸಣ್ಣ ದನಿ ಬಂತು.

"ಹೋದ್ರೇನು?"

"ಹೋದ್ರವ್ವ," ಎಂದೆ.

"ಹಂಗಾರ ಅಂಬಲಿ ತಾ."

ಬಟ್ಟಲು ಖಾಲಿಯಾಯಿತು. ಭುವನೇಶ್ವರಿ ಸೆರಗಿನಿಂದ ಅವಳ ಬಾಯಿ ಒರೆಸಿದಳು. ಸೂರ್ಯಕಾಂತ ಮೂಲೆಗೆ ಸರಿದು ಫೋನಿನಲ್ಲಿ, "ಅಗಿಯೂದು ನಿಂದರಸ್ರಿ, ಮುಚ್ಚಿಬಿಡ್ರಿ," ಎಂದು ಪಿಸುಗುಟ್ಟಿದ. ಅವ್ವನ ಕಿವಿಗೆ ಪೊರೆ ಬಂದಿರಲಿಲ್ಲ!

"ಅಗದದ್ದು ಮುಚ್ಚಬ್ಯಾಡೋ. ಇಂದಲ್ಲ ನಾಳಿ ಬೇಕಾಗ್ತದ."

ಜಗದೇವಿ ಮಂಚದ ಬಳಿ ಕೈಮುಗಿದು ಕೂತಳು. "ಯವ್ವಾ, ಒಯ್ಯಾಕ ಬಂದ ದಂಡನ್ನೇ ಹೊಳ್ಳಿ ಕಳಿಸಿದಿ! ಯಾವ ದೇವರ್ನ ನೆನಸಿದಿ?"

ಭಜನೆಯವರೂ ಮಂಚದ ಸುತ್ತ ನೆರೆದರು. ಅವ್ವ ಗೋಡೆಯಲ್ಲಿ ಬಿದ್ದ ತೂತು ನೋಡಿದಳು. ಆಮೇಲೆ ನನ್ನ ಮುಖ ನೋಡಿದಳು.

"ದೇವರ್ಯಾಕ ಬೇಕವ್ವಾ? ಮೊಳಿ ಹೊಡದಾಂವ ಇವ ಅಲ್ಲೇನು?"