ಗಿಡದಲ್ಲೇ ಬಿಟ್ಟ ಮಲ್ಲಿಗೆ

ಹೂವು ನೋಡಿ ಸಂತೋಷಪಡುವುದು ಖರ್ಚಿಲ್ಲದ, ಯಾರಿಗೂ ತೊಂದರೆ ಕೊಡದ ಹವ್ಯಾಸವೆಂದು ನಾನೂ ನಂಬಿದ್ದೆ. ಬೀಗರ ತೋಟದಲ್ಲಿ ಅದನ್ನು ಪ್ರಯತ್ನಿಸಿದ ಮೇಲೆ ಆ ನಂಬಿಕೆ ಹೋಯಿತು. ದಾವಣಗೆರೆ ಆಗಷ್ಟೇ ಜಿಲ್ಲೆಯಾಗಿತ್ತು. ನಮ್ಮ ಕಚೇರಿಯ ಬೋರ್ಡು ಬದಲಾಯಿತು, ಕಡತಗಳು ಹೆಚ್ಚಾದವು, ನನ್ನ ಕುರ್ಚಿಯ ಮುರಿದ ಕೈ ಮಾತ್ರ ಹಾಗೇ ಉಳಿಯಿತು. ನಿಟ್ಟುವಳ್ಳಿಯ ನಮ್ಮ ಬಾಡಿಗೆ ಮನೆಯ ಮುಂದೆ ಒಂದು ನಲ್ಲಿ, ಅದರ ಸುತ್ತ ಸಿಮೆಂಟು. ಹಸಿರು ಅಂತ ಇದ್ದದ್ದು ಪಾಚಿಯೊಂದೇ. ಹೂವನ್ನು ನಾನು ಮೊಳದ ಲೆಕ್ಕದಲ್ಲಿ ಮಾತ್ರ ಬಲ್ಲವನು. ಹೀಗಿರುವಾಗ ಶಿವರಾತ್ರಿ ಕಳೆದು ಬಿಸಿಲೇರುವ ಹೊತ್ತಿಗೆ, ಅಕ್ಕನ ಗಂಡನ ಮನೆಯ ತೋಟದಲ್ಲಿ ದುಂಡುಮಲ್ಲಿಗೆ ಶುರುವಾಗಿದೆ ಎಂಬ ಸುದ್ದಿ ಬಂತು. ಒಂದು ಗಿಡ ಮೈತುಂಬ ಅರಳಿ ನಿಂತದ್ದನ್ನು ನೋಡಬೇಕು, ಅದರ ಪಕ್ಕ ಸುಮ್ಮನೆ ಕೂರಬೇಕು. ನನ್ನ ಆಸೆ ಇಷ್ಟೇ. ಭಾನುವಾರ ಊಟ ಮುಗಿಸಿ ಮೊಪೆಡ್ ಹತ್ತಿ, ಹರಿಹರ ದಾಟಿ ಕೊಕ್ಕನೂರಿಗೆ ಹೋದೆ.

ತೋಟದ ಒಡತಿ ಅಕ್ಕನ ಅತ್ತೆ ನೀಲಮ್ಮ. ಊರೆಲ್ಲ ಕರೆಯುವಂತೆ ನಾನೂ ಅವರನ್ನು ಅವ್ವಾರೆ ಅನ್ನುತ್ತೇನೆ. ಬೀಗರ ಕಡೆಯವರನ್ನು ಬರಿಗೈಲಿ ಕಳಿಸುವುದೆಂದರೆ ಅವರ ಪಾಲಿಗೆ ಮನೆತನದ ಮಾನ ಹೋದಂತೆ. ಇದು ಗೊತ್ತಿದ್ದೂ ನಾನು ಬಾಯಿ ತಪ್ಪಿ, "ಹೂ ನೋಡಾಕೆ ಬಂದೆ ಅವ್ವಾರೆ" ಎಂದೆ. ನೀರು ಕುಡಿದು ಲೋಟ ಕೆಳಗಿಡುವಷ್ಟರಲ್ಲಿ ಅವರು ಬುಟ್ಟಿ ಹಿಡಿದು ತೋಟಕ್ಕಿಳಿದಿದ್ದರು. ನಾನು ಹಿಂದೆ ಓಡಿದೆ. ಅವರ ಬೆರಳು ನನ್ನ ಕಾಲಿಗಿಂತ ಚುರುಕು. ಒಂದು ಮೊಗ್ಗೂ ಉಳಿಯದಂತೆ ಬಿಡಿಸಿ, ಬಾಳೆಲೆಯಲ್ಲಿ ಕಟ್ಟಿ ನನ್ನ ಕೈಗಿತ್ತರು. ನಾನು ಎಲೆ ನೋಡಿಕೊಂಡು ವಾಪಸು ಬಂದೆ.

ಮುಂದಿನ ವಾರ ನನ್ನ ಮೊಪೆಡ್ಡಿನ ಸದ್ದು ಕೇಳಿಯೇ ಮೊಗ್ಗು ಬಿಡಿಸಿ ಇಟ್ಟಿದ್ದರು, ಪೊಟ್ಟಣವೂ ದೊಡ್ಡದಾಗಿತ್ತು. ನನ್ನ ಮೇಲೆ ಗೌರವ ಹೆಚ್ಚಿದಷ್ಟೂ ತೋಟ ಬೋಳಾಗುತ್ತಿತ್ತು. ಇತ್ತ ಹೆಂಡತಿ ಗಿರಿಜೆಗೆ ನನ್ನ ಪುಷ್ಪಪ್ರೇಮ ಇದ್ದಕ್ಕಿದ್ದಂತೆ ಹಿಡಿಸಿಬಿಟ್ಟಿತು. ಹಿಂದೆ ನಾನು ಭಾನುವಾರ ಹೊರಗೆ ಹೊರಟರೆ ರೇಷನ್ನು, ಗ್ಯಾಸು ನೆನಪಿಸುತ್ತಿದ್ದವಳು ಈಗ ತಾನೇ ಮೊಪೆಡ್ ಒರೆಸಿ ನಿಲ್ಲಿಸುತ್ತಿದ್ದಳು. ಓಣಿಯ ಹೆಂಗಸರಿಗೆಲ್ಲ ಮಾಲೆ ಹಂಚಿ, "ನಮ್ಮ ತೋಟದ್ದು" ಅನ್ನುವವರೆಗೂ ಹೋಗಿದ್ದಳು. ನಾನು ಮಾತ್ರ ಇನ್ನೂ ಒಂದು ಹೂವನ್ನೂ ಗಿಡದ ಮೇಲೆ ಕಂಡಿರಲಿಲ್ಲ.

ಮೂರನೆಯ ಸಲ ಧೈರ್ಯ ಮಾಡಿದೆ. "ಅವ್ವಾರೆ, ಕೀಳಬ್ಯಾಡ್ರಿ. ಗಿಡದಾಗೇ ಅರಳಿದ್ದು ನೋಡ್ಬೇಕು ನಾನು."

ಅವ್ವ ಬುಟ್ಟಿ ಕೆಳಗಿಟ್ಟು ನನ್ನ ಮುಖವನ್ನೇ ನೋಡಿದರು. "ಗಿಡದಾಗೆ ಏನೈತೆ ತಮ್ಮ ನೋಡಾಕೆ? ಸಂಜಿಗೆ ಅರಳ್ತಾವು, ಆಮ್ಯಾಲೆ ಉದುರ್ತಾವು. ದೇವ್ರಿಗೂ ಇಲ್ಲ, ಹೆಣ್ಮಕ್ಳ ತಲಿಗೂ ಇಲ್ಲ. ಮಣ್ಣಿಗೆ ಹಾಕಾಕೆ ಹೂ ಬೆಳೀತಾರೇನು?"

"ಅವನು ಸಣ್ಣಾಗಿಂದ ಹಿಂಗೇ ರೀ ಅತ್ತೆ" ಎಂದು ಅಕ್ಕ ನನ್ನ ಪರವಾಗಿ ವಾದಿಸಿದಳು. ಅವ್ವ, "ಬೀಗರ ಕಡೆಯೋರು ಬಾಯಿಬಿಟ್ಟು ಕೇಳಿದ್ ಮ್ಯಾಲೆ ಇಲ್ಲ ಅನ್ನಬಾರ್ದು" ಎಂದು ನೀರಿನ ತೊಟ್ಟಿಯ ಪಕ್ಕದ ಗಿಡವೊಂದನ್ನು ನನಗೆ ಬಿಟ್ಟುಕೊಟ್ಟರು. ಉಳಿದ ಗಿಡಗಳನ್ನು ಮಾತ್ರ ಬಿಡಲಿಲ್ಲ. ಆ ಮೊಗ್ಗು ಊರ ಗುಡಿಗೆ ಹೋಯಿತು.

ಬಿಸಿಲು ಇಳಿಯಿತು. ಕರೆಂಟು ಬಂದು ಪಂಪು ಗುಡುಗುಟ್ಟಿ ತೊಟ್ಟಿಗೆ ನೀರು ಬಿದ್ದಿತು. ನಾನು ಗಿಡದ ಮುಂದೆ ಕುಕ್ಕರುಗಾಲಲ್ಲಿ ಕೂತೆ. ಹುಚ್ಚನನ್ನು ಒಬ್ಬನೇ ಬಿಡಬಾರದೆಂದೋ ಏನೋ ಅವ್ವನೂ ಪಕ್ಕದಲ್ಲಿ ಕೂತರು. ಮೊದಲು ಏನೂ ಆಗಲಿಲ್ಲ. ಸೊಳ್ಳೆ ಬಂದವು. ಆಮೇಲೆ ಒಂದು ಮೊಗ್ಗು ಬಾಯಿಬಿಟ್ಟಿದೆ ಅನ್ನಿಸಿತು, ಪಕ್ಕದ್ದು ನೋಡುವಷ್ಟರಲ್ಲಿ ಹಿಂದಿನದೂ ಬಿರಿದಿತ್ತು. ಮುಸ್ಸಂಜೆಗೆ ಇಡೀ ಗಿಡ ಬೆಳ್ಳಗೆ ಉಕ್ಕಿದ ಹಾಲಿನ ಹಾಗೆ ನಿಂತಿತು. ಪೂಜೆಗೆ ಮುಂಚೆ ಹೂ ಮೂಸಬಾರದೆಂದು ಮನೆಮಂದಿಗೆಲ್ಲ ಗದರುವ ಅವ್ವ ಗಿಡಕ್ಕೆ ಮುಖ ತಾಗಿಸಿ ದೀರ್ಘವಾಗಿ ಉಸಿರೆಳೆದರು. "ಇದು ದೇವ್ರಿಗೆ ಅಲ್ಲ ಬಿಡು, ನಡೀತೈತೆ" ಎಂದು ತಾವೇ ಸಮಾಧಾನ ಹೇಳಿಕೊಂಡರು. "ಮದ್ವಿ ಆಗಿ ಬಂದಾಗಿಂದ ಮೊಗ್ಗು ಕಿತ್ತಿದ್ದೇ ಕಿತ್ತಿದ್ದು. ಅರಳಿದ್ದು ಗುಡಿಯಾಗೆ ನೋಡೀನಿ, ನಿಮ್ಮಕ್ಕನ ಜಡಿಯಾಗೆ ನೋಡೀನಿ. ಗಿಡದಾಗೆ ಈಗೇ ನೋಡಿದ್ದು ನೋಡು ತಮ್ಮ."

ನನಗೆ ಅಪಾರ ಹೆಮ್ಮೆಯಾಯಿತು. ಹೊರಡಲು ಎದ್ದಾಗ ಗಿರಿಜೆ ನೆನಪಾದಳು. ಬಾಗಿಲಲ್ಲಿ ಪೊಟ್ಟಣಕ್ಕೆ ಕಾಯುತ್ತಿರುತ್ತಾಳೆ. ಹೂವಿಲ್ಲದೆ ಹೋದರೆ ತೋಟಕ್ಕೇ ಹೋಗಿರಲಿಲ್ಲ ಅನ್ನುತ್ತಾಳೆ. ಒಂದು ಹಿಡಿ ಸಾಕು ಅಂದುಕೊಂಡು ಮೆಲ್ಲನೆ ಗಿಡಕ್ಕೆ ಕೈ ಚಾಚಿದೆ. ಅವ್ವ ಫಟ್ಟನೆ ಕೈಮೇಲೆ ಹೊಡೆದರು.

"ಏ, ಮುಟ್ಟಬ್ಯಾಡ! ನೋಡಾಕೆ ಬಂದೀಯ, ನೋಡು. ಕೀಳೋ ಹೂವೇನು ಇದು?"

ಬೀಗರ ಮನೆಯಿಂದ ಬರಿಗೈಲಿ ಹೊರಬಿದ್ದೆ. ದಾವಣಗೆರೆ ತಲುಪಿ, ಮಾರ್ಕೆಟ್ಟಿನಲ್ಲಿ ಎರಡು ಮೊಳ ಮಲ್ಲಿಗೆ ಕೊಂಡು, ಕೇಳಿ ಪಡೆದ ಬಾಳೆಲೆಯಲ್ಲಿ ಸುತ್ತಿಸಿ ಮನೆಗೆ ಒಯ್ದೆ. ಗಿರಿಜೆ ಪೊಟ್ಟಣ ಬಿಚ್ಚಿ, ಕಣ್ಣು ಮುಚ್ಚಿ ವಾಸನೆ ಎಳೆದುಕೊಂಡಳು.

"ಏನೇ ಅನ್ರಿ, ಮಾರ್ಕೆಟ್ ಹೂವಿಗೆ ಈ ಘಮ ಬರಲ್ಲ. ತೋಟದ ಹೂ ತೋಟದ್ದೇ."

ನಾನು ಹೌದೆಂದು ತಲೆಯಾಡಿಸಿದೆ. ಮುಂದಿನ ಭಾನುವಾರಕ್ಕೆಂದು ಮೊಪೆಡ್ಡನ್ನು ಅವಳು ಆಗಲೇ ಒರೆಸತೊಡಗಿದ್ದಳು.