ಆಡಿಗೆ ಬಾರದ ರಹಮತ್ತು

ನಾನು ಮೂರನೆಯ ಇಯತ್ತೆಯನ್ನೂ ಮುಗಿಸಿದವಳಲ್ಲ. ಆದರೆ ಓದಿದವರ ಮಾತಿನಲ್ಲಿ ತಪ್ಪು ಹುಡುಕುವುದಕ್ಕೆ ಶಾಲೆ ಯಾಕೆ ಬೇಕು, ನಾಲಿಗೆ ಇದ್ದರೆ ಸಾಕು. ಅದು ನನಗೆ ಬೇಕಾದಷ್ಟಿದೆ ಎಂದು ಸೊಸೆ ರೇಣುಕಾ ಶಹಾಪುರದ ತುಂಬಾ ಹೇಳಿಕೊಂಡು ಬಂದಿದ್ದಾಳೆ.

ಪಕ್ಕದ ಮನೆಯ ಅಮೀನಾಬಿ ಓಣಿಯ ಮಕ್ಕಳಿಗೆ ಕುರಾನ್ ಓದಲು ಕಲಿಸುತ್ತಾಳೆ. ನಡುವೆ ಎದೆಮಟ್ಟದ ಗೋಡೆ. ಅವಳ ಪಾಠ ಈಚೆ ಬರುತ್ತದೆ, ನನ್ನ ಬೈಗುಳ ಆಚೆ ಹೋಗುತ್ತದೆ. ಮೊನ್ನೆ ನಮ್ಮ ಆಡು ಎರಡು ಮರಿ ಹಾಕಿತು. ದೊಡ್ಡದನ್ನು ನೆಕ್ಕಿತು, ಸಣ್ಣದು ಕೆಚ್ಚಲಿಗೆ ಬಾಯಿ ಹಾಕಿದರೆ ಒದ್ದಿತು. ಸಂಜೆಯೊಳಗೆ ಗಿಣ್ಣದ ಹಾಲು ಹೊಟ್ಟೆಗೆ ಬೀಳದಿದ್ದರೆ ಆ ಮರಿ ಉಳಿಯುವುದಿಲ್ಲ. ಅದೇ ಹೊತ್ತಿಗೆ ಗೋಡೆಯಾಚೆ ಪಾಠ ನಡೆದಿತ್ತು. ರಹ್ಮಾನ್, ರಹೀಮ್ ಎಂಬ ದೇವರ ಹೆಸರು, ರಹಮತ್ ಎಂಬ ಕರುಣೆ, ತಾಯಿಯ ಗರ್ಭಕ್ಕಿರುವ ಅರಬ್ಬೀ ಹೆಸರು, ಎಲ್ಲಕ್ಕೂ ಬೇರು ಒಂದೇ ಅಂತೆ. ಕಿತಾಬಿನಲ್ಲಿ ಮಳೆಯನ್ನೂ ರಹಮತ್ ಎಂದಿದೆಯಂತೆ. ಮಳೆ ನಮ್ಮ ಕಡೆ ಬಂದಾಗ ಒಪ್ಪೋಣ.

ನಾನು ಗೋಡೆಯ ಮೇಲಿಂದ ಮುಖ ಹಾಕಿದೆ. "ಏ ಅಮೀನಾಬಿ, ಹೊಟ್ಟ್ಯಾಗಿಂದ ಕರುಣಾ ಬರ್ತದಂತ ಹುಡುಗರಿಗೆ ಯಾಕ ಹೇಳಾಕತ್ತಿ? ನಮ್ಮ ಆಡು ನೋಡು ಬಾ. ಹಡದು ತಾಸಾಗಿಲ್ಲ, ಒದಿಯಾಕತ್ತದ!"

"ಅರೆ ಅಕ್ಕಾ, ಕಿತಾಬು ಆಡಿಗಿ ಬಂದಿಲ್ಲ, ನಮಗ ಬಂದದ," ಎಂದು ಅವಳು ಪಾಠ ಬಿಟ್ಟು ಬಂದು ಆಡಿನ ಕೊಂಬು ಹಿಡಿದಳು. ನಾನು ಅದರ ಹಾಲನ್ನೇ ಹಿಂಡಿ ಮರಿಯ ಬೆನ್ನಿಗೆ ಸವರಿದೆ, ಮೇಲೆ ಉಪ್ಪು ಉದುರಿಸಿದೆ. ಹೀಗೆ ಮಾಡಿದರೆ ಆಡು ನೆಕ್ಕುತ್ತಾ ನೆಕ್ಕುತ್ತಾ ಮರಿಯನ್ನು ಒಪ್ಪಿಕೊಳ್ಳುತ್ತದೆ. ನಮ್ಮದು ಉಪ್ಪನ್ನೆಲ್ಲ ನೆಕ್ಕಿತು. ಮುಗಿಸಿ ಒದ್ದಿತು, ಮರಿಯನ್ನಲ್ಲ, ನನ್ನನ್ನು.

ಆಡು ಆಗಲೂ ಒಪ್ಪದ ಮರಿಯನ್ನೆತ್ತಿ ಅಮೀನಾಬಿ ನನ್ನ ಮಡಿಲಿಗೆ ಹಾಕಿದಳು. "ಉಳದ್ರ ಅಲ್ಲಾನ ರಹಮತ್ತು, ಅಕ್ಕಾ. ಉಳೀಲಿಲ್ಲಂದ್ರ ನಿನ್ನ ಬೈಗಳದ್ದು."

ಮೊಮ್ಮಗನ ಹಳೆಯ ಬಾಟಲಿ ಹುಡುಕಿ, ಆಡಿನ ಗಿಣ್ಣದ ಹಾಲನ್ನೇ ಹಿಂಡಿ ಕುಡಿಸಿದೆ. ಮರಿ ಉಳಿಯಿತು. ಈಗ ಅದು ನನ್ನ ಸೀರೆಯ ಸೆರಗು ಬಿಡುವುದಿಲ್ಲ. "ನನ್ನ ಮಗನ್ನ ಒಂದಿನಾನೂ ಹಿಂಗ ಎತ್ತಿಕೊಂಡಿಲ್ರಿ ಅತ್ತಿ," ಎಂದು ರೇಣುಕಾ ಚುಚ್ಚಿದಳು.

"ನೀ ಅವನ್ನ ಒದ್ದಿದ್ರ ಎತ್ತಿಕೊಂತಿದ್ನಿ," ಎಂದೆ.

ನಿನ್ನೆ ಗೋಡೆಯಾಚೆ ಅಮೀನಾಬಿ ಕೇಳುತ್ತಿದ್ದಳು: "ರಹಮತ್ತು ಅಂದ್ರ ಹ್ಯಾಂಗಿರ್ತದ?"

"ಬಾಜೂ ಮನಿ ಆಯಿ ಇದ್ದಂಗ! ಬೈತಾಳ, ಹಾಲು ಕುಡಸ್ತಾಳ!" ಎಂದು ಮಕ್ಕಳೆಲ್ಲವೂ ಒಟ್ಟಿಗೆ ಕೂಗಿದವು.

ಅರಬ್ಬೀ ಪಾಠದಲ್ಲಿ ನನ್ನನ್ನು ಸೇರಿಸಿದ್ದಕ್ಕೆ ಚೆನ್ನಾಗಿ ಉಗಿಯಬೇಕೆಂದು ಬಾಯಿ ತೆರೆದೆ. ಮಡಿಲಲ್ಲಿ ಮರಿಗೆ ಆಗತಾನೆ ನಿದ್ದೆ ಹತ್ತಿತ್ತು. ಮುಚ್ಚಿಕೊಂಡೆ.